ಉಪ್ಪಿಲ್ಲದ ಹುರುಳಿ ಸಾರು

ಕಣಿವೆಹಟ್ಟಿಯ ಹೊರಗೆ, ಕಲ್ಲುಗುಡ್ಡದ ಬುಡದಲ್ಲಿ ಪೂಜ್ಯ ಹಾಲಮ್ಮ ತಾಯಿಯವರ ಆಶ್ರಮವಿತ್ತು. ಆಶ್ರಮವೆಂದರೆ ಹುಲ್ಲು ಹೊದಿಸಿದ ಒಂದು ಪಡಸಾಲೆ, ಅದರ ಮೂಲೆಯಲ್ಲಿ ಒಂದು ಒಲೆ. ರಾಗಿಮುದ್ದೆ, ಕಾಳಿನ ಸಾರು, ಹಬ್ಬಕ್ಕೂ ಅದೇ. ಹೊಸದಾಗಿ ಬಂದವರು ಅಂದಿನ ಅಡುಗೆ ಮಾಡಬೇಕು ಎಂಬುದು ಅಲ್ಲಿಯ ಕಟ್ಟಳೆ. ಪಂಕ್ತಿಯಲ್ಲಿ ಕುಳಿತವರು ಬಡಿಸಿದ್ದನ್ನು ಉಣ್ಣಬೇಕು. ಅದು ಬೇಕು, ಇದು ಸಾಲದು ಎನ್ನಬಾರದು. ತಾಯಿಯವರು ತಮಗೂ ಬೇರೆ ಕಟ್ಟಳೆ ಇಟ್ಟುಕೊಂಡಿರಲಿಲ್ಲ.

ಒಂದು ದಿನ ಕಂಬಳಿ ನೇಯುವ ಬೊಮ್ಮಲಿಂಗಪ್ಪ ಅಲ್ಲಿಗೆ ಬಂದ. ಮೈ ಇಳಿದು ಅಂಗಿ ಜೋತಾಡುತ್ತಿತ್ತು. ಸುಗ್ಗಿಯಿಂದೀಚೆಗೆ ಅವನಿಗೆ ಹೊಟ್ಟೆಯೊಳಗೆ ಉರಿ. ಗಂಡ ಹೇಳಿದಂತೆ ಕೇಳಲಿ ಎಂದು ಹೆಂಡತಿಯೇ ಊಟದಲ್ಲಿ ಮದ್ದು ಬೆರೆಸಿರಬೇಕು ಎಂದು ನೆರೆಯವನೊಬ್ಬ ಕಿವಿಯಲ್ಲಿ ಹೇಳಿದ್ದ. ಅಂದಿನಿಂದ ಅವನು ಹೆಂಡತಿ ಸಣ್ಣನಿಂಗಮ್ಮನ ಕೈಯಡುಗೆ ಮುಟ್ಟಲಿಲ್ಲ. ಅವಳು ಅವನೆದುರಿಗೇ ಮೊದಲ ತುತ್ತು ತಾನುಂಡು ತೋರಿಸಿದಳು. "ನೀನು ಮೊದಲೇ ಅದಕ್ಕೆ ಮಾರುಮದ್ದು ತಿಂದಿರ್ತೀಯ" ಎಂದ. ತಾನೇ ಕಾಳು ಬೇಯಿಸಿಕೊಂಡ. ಮಡಕೆಗೆ ಉಪ್ಪು ಹಾಕುತ್ತಿರಲಿಲ್ಲ. ಮದ್ದು ಬೆರೆಯುವುದು ಉಪ್ಪಿನಲ್ಲೇ ಎಂದು ಅವನ ಗುಮಾನಿ. ಸ್ವಂತ ಉಪ್ಪನ್ನು ಪಂಚೆಯ ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಉಣ್ಣುವಾಗ ತನ್ನ ಎಲೆಗೆ ಮಾತ್ರ ಉದುರಿಸಿಕೊಳ್ಳುತ್ತಿದ್ದ.

ಹೊರಡುವಾಗ ಹೆಂಡತಿಗೆ ಹೇಳಿಬಂದಿದ್ದ: "ತಾಯಿಯವರ ಬಾಯಲ್ಲಿ ನಿನ್ನ ಹೆಸರು ಬಂದರೆ ನೀನು ತವರಿಗೆ ಹೊರಡಬೇಕು." ಅವಳು "ಆಗಲಿ" ಎಂದು ಸೀರೆ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

ಅವನು ತಾಯಿಯವರಿಗೆ ಕೈಮುಗಿದು ನೇರವಾಗಿ ಕೇಳಿದ. "ನಂಗೆ ಮದ್ದು ಹಾಕಿದೋರು ಯಾರು ಹೇಳಿ, ತಾಯಿ."

"ಉಂಡಮೇಲೆ ಹೇಳ್ತೀನಿ. ಅಡುಗೆ ಮಾಡಪ್ಪ" ಎಂದರು ತಾಯಿಯವರು.

ಬೊಮ್ಮಲಿಂಗಪ್ಪನಿಗೆ ಇದೂ ಸರಿಕಾಣಲಿಲ್ಲ. ಉತ್ತರ ಗೊತ್ತಿದ್ದರೆ ಈಗಲೇ ಹೇಳಬಹುದಲ್ಲ? ತನಗಿಂತ ಮೊದಲು ಸಣ್ಣನಿಂಗಮ್ಮನ ಕಡೆಯವರು ಬಂದುಹೋಗಿದ್ದರೆ? ಆದರೂ ಒಲೆ ಹಚ್ಚಿದ. ಕಾಳನ್ನು ಮೂಸಿ ನೋಡಿದ, ಬಿಂದಿಗೆಯ ನೀರು ಚೆಲ್ಲಿ ತಾನೇ ಬಾವಿಯಿಂದ ಸೇದಿ ತಂದ. ಆಶ್ರಮದ ಕಸಮುಸುರೆ ನೋಡಿಕೊಳ್ಳುವ ಮಲ್ಲಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನಪ್ಪ, ಹುರುಳಿಕಾಳಿಗೆ ಹೆಣ್ಣು ನೋಡೋ ಶಾಸ್ತ್ರ ನಡೀತಾ ಇದೆಯಾ?"

"ನೋಡಿ ಉಂಡರೆ ತಪ್ಪೇನವ್ವ?"

"ನೋಡು, ನೋಡು. ಒಪ್ಪಿಗೆ ಆದರೆ ಹೇಳು, ಸಂಜೆಗಾದರೂ ಊಟ ಸಿಗಲಿ."

ಹುರುಳಿ ಬೆಂದಿತು. ಈರುಳ್ಳಿ, ಬೆಳ್ಳುಳ್ಳಿ ಸುಟ್ಟು, ಒಣಮೆಣಸಿನಕಾಯಿಯೊಂದಿಗೆ ಅರೆದು ಸಾರು ಕುದಿಸಿದ. ಮುದ್ದೆ ಕಟ್ಟಿದ. ಎಲ್ಲರಿಗೂ ಬಡಿಸಿ, ತನ್ನ ಎಲೆಯನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಕುಳಿತ. ಯಾರೂ ಕಾಣದಂತೆ ಗಂಟು ಬಿಚ್ಚಿ ಉಪ್ಪು ಉದುರಿಸಿಕೊಂಡ.

ಮೊದಲ ತುತ್ತಿಗೇ ಮಲ್ಲಕ್ಕನ ಬಾಯಿ ನಿಂತುಹೋಯಿತು. ಅವಳು ತಾಯಿಯವರತ್ತ ನೋಡಿದಳು. ತಾಯಿಯವರು ಇನ್ನೊಂದು ತುತ್ತು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು. ಮಲ್ಲಕ್ಕನೂ ತಲೆ ತಗ್ಗಿಸಿ ಉಂಡಳು.

ಬೊಮ್ಮಲಿಂಗಪ್ಪ ಅವರ ನೋಟ ಕಂಡ. ಇವರಿಗೆ ಏನೋ ಗೊತ್ತಾಗಿದೆ. ತಾನು ನೀರಿಗೆ ಹೋದಾಗ ಯಾರೋ ಮಡಕೆಗೆ ಕೈಹಾಕಿದ್ದಾರೆ. ಇಲ್ಲದಿದ್ದರೆ ಆ ನೋಟವೇಕೆ? ಎತ್ತಿದ ತುತ್ತು ಕೈಯಲ್ಲೇ ಉಳಿಯಿತು. ಆಗ ಅವನ ಕಣ್ಣಿಗೆ ತನ್ನ ಬೆರಳು ಬಿತ್ತು. ತುದಿಯಲ್ಲಿ ಉಪ್ಪಿನ ಹರಳು ಅಂಟಿತ್ತು.

ಅಭ್ಯಾಸದಂತೆ ಅವನು ಎಲ್ಲರ ಸಾರನ್ನೂ ಸಪ್ಪೆ ಮಾಡಿದ್ದ.

ತಾಯಿಯವರ ಎಲೆ ಅಷ್ಟರಲ್ಲಿ ಬರಿದಾಗಿತ್ತು. ಅವನು ಎದ್ದು ಅವರ ಮುಂದೆ ಕುಳಿತ.

"ಸಾರಿಗೆ ಉಪ್ಪೇ ಇಲ್ಲ, ತಾಯಿ. ಒಂದು ಮಾತು ಕೇಳಬಾರದಿತ್ತಾ?"

ತಾಯಿಯವರು ನಕ್ಕರು. "ಏನು ಹಾಕಿದ್ದೀಯ ಅಂತಲೇ ನಾನು ಕೇಳಲಿಲ್ಲ. ಏನು ಹಾಕಿಲ್ಲ ಅಂತ ಯಾಕೆ ಕೇಳಲಿ?"

ಅವನು ಬರಿದಾದ ಆ ಎಲೆಯನ್ನು ನೋಡಿದ. ತಾಯಿಯವರಿಗೆ ಅವನ ಊರು ಗೊತ್ತಿಲ್ಲ, ಕುಲ ಗೊತ್ತಿಲ್ಲ. ಅವನ ಕೈಯ ಸಪ್ಪೆ ಸಾರನ್ನು ಅವರು ಒಂದು ತೊಟ್ಟು ಬಿಡದೆ ಉಂಡಿದ್ದರು. ತನ್ನ ಮನೆಯಲ್ಲಿ, ತನ್ನ ಹೆಂಡತಿ, ತನಗೆ ಬಡಿಸಿದ್ದನ್ನು ಅವಳೇ ಮೊದಲುಂಡು ತೋರಿಸಬೇಕಾಗಿತ್ತು.

"ಊಟ ಆಯಿತು" ಎಂದರು ತಾಯಿಯವರು. "ಮದ್ದಿನ ಮಾತು ಕೇಳಿದ್ದೆಯಲ್ಲ. ಹೇಳಲಾ?"

"ಬೇಡ, ತಾಯಿ."

ಅವನು ಸೆರಗಿನ ಗಂಟನ್ನು ಪೂರ್ತಿ ಬಿಚ್ಚಿ, ಅದರ ಉಪ್ಪನ್ನು ಒಲೆಯ ಪಕ್ಕದ ಉಪ್ಪಿನ ಮಡಕೆಗೆ ಸುರಿದ. ಮಲ್ಲಕ್ಕ ಮಡಕೆಯೊಳಗೆ ಇಣುಕಿದಳು. "ನಾಳೆ ಸಾರಿಗೆ ಆಯಿತು ಬಿಡು" ಎಂದಳು. ಅವನು ತಾಯಿಯವರ ಪಾದಕ್ಕೆ ಹಣೆಯಿಟ್ಟು ಹೊರಟ.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಬಾಗಿಲ ಬಳಿ ಸೀರೆ ಗಂಟು ಇಟ್ಟಲ್ಲೇ ಇತ್ತು. ಸಣ್ಣನಿಂಗಮ್ಮ ಒಲೆಯ ಮುಂದಿನಿಂದ ತಿರುಗಿ ಕೇಳಿದಳು, "ಯಾರ ಹೆಸರು ಹೇಳಿದರು?"

"ಯಾರದೂ ಇಲ್ಲ. ನಾನೇ ಕೇಳಲಿಲ್ಲ" ಎಂದ. ಗಂಟನ್ನು ಎತ್ತಿ ಒಳಗಿಟ್ಟು ಬಂದು ಎಲೆಯ ಮುಂದೆ ಕುಳಿತ.

ಅವಳು ಬಡಿಸಿದಳು. ಹಿಂದೆ ಮಾಡಿದಂತೆ ಮೊದಲ ತುತ್ತು ತಾನುಣ್ಣಲು ಅವನ ಎಲೆಗೆ ಕೈಚಾಚಿದಳು. ಬೊಮ್ಮಲಿಂಗಪ್ಪ ಆ ಕೈ ಹಿಡಿದು ಪಕ್ಕಕ್ಕಿಟ್ಟ. ತಾನೇ ತುತ್ತು ಮುರಿದು, ಕಣ್ಣುಮುಚ್ಚಿ ನುಂಗಿದ.

ಅವಳು ಕೇಳಿದಳು, "ಉಪ್ಪು ಸಾಕಾ?"

ಅವನು ಇನ್ನೊಂದು ಮುದ್ದೆಗೆ ಎಲೆ ಮುಂದೆ ಸರಿಸಿದ.