ನೀರಿನಲ್ಲಿ ಬಿದ್ದ ಚುಕ್ಕೆ

ಕೆರೆ ಏರಿಯ ಮೇಲಿನ ಗಡಿಕಲ್ಲು ಬಾಂದುಕಲ್ಲಮ್ಮನದು ಹೆಸರುವಾಸಿ ಮನೆತನ. ಮುತ್ತಜ್ಜಿಯ ಕಾಲದಿಂದಲೂ ಅಕ್ಕಪಕ್ಕದ ಎರಡೂ ಊರಿನವರು ಗಡಿ ತಿಳಿಯಲು ಆ ಮನೆಯ ಕಲ್ಲುಗಳನ್ನೇ ನೋಡುತ್ತಿದ್ದರು; ಒಬ್ಬಳೂ ಜಾಗ ಬಿಟ್ಟು ಕದಲಿದವಳಲ್ಲ. ಅಂಥವಳಿಗೆ, ಸರ್ವೆಗೆಂದು ಜೀಪಿನಲ್ಲಿ ಬಂದ ಲ್ಯಾಪ್‌ಟಾಪ್ ನಮಸ್ಕಾರವನ್ನೂ ಹೇಳದೆ, "ಏನಮ್ಮಾ, ಜಾಗ ಬಿಟ್ಟು ಸರಿದಿದ್ದೀಯ. ನನ್ನ ನಕ್ಷೆಯಲ್ಲಿ ಗಡಿಗೆರೆ ಏರಿಯನ್ನು ದಾಟುವ ಚುಕ್ಕೆ ಕೆರೆಯ ನಡುವೆ ಬಂದಿದೆ. ನಿನ್ನನ್ನು ಕಿತ್ತು ಅಲ್ಲಿ ನೆಡಬೇಕು," ಎಂದಿತು.

ಅವಳ ತಲೆಯ ಮೇಲೆ ಕೂತಿದ್ದ ಮಿಂಚುಳ್ಳಿ ನಕ್ಕಿತು. "ಅಜ್ಜಿ, ಈಜು ಬರುತ್ತದೆ ತಾನೇ?"

"ನೀನು ಸುಮ್ಮನಿರು," ಎಂದು ಅದನ್ನು ಗದರಿಸಿ, ಬಾಂದುಕಲ್ಲಮ್ಮ ಲ್ಯಾಪ್‌ಟಾಪನ್ನು ಕೇಳಿದಳು: "ಏರಿ ಬಾಗಿದೆ. ಆ ಬಾಗನ್ನು ಹೇಗೆ ಬರೆದುಕೊಂಡೆ?"

"ಮುಂದಕ್ಕೆಳೆದು ಪೂರ್ತಿ ವೃತ್ತ ಮಾಡಿಕೊಂಡೆ. ಲೆಕ್ಕಕ್ಕೆ ಅದೇ ಸುಲಭ."

"ನೇರವಾದ ಗಡಿಗೆರೆ ಆ ವೃತ್ತವನ್ನು ಎಷ್ಟು ಕಡೆ ದಾಟಿತು?"

"ಎರಡು ಕಡೆ. ಮೊದಲು ಸಿಕ್ಕಿದ್ದನ್ನು ಇಟ್ಟುಕೊಂಡೆ."

"ಅಲ್ಲಿ ಏರಿ ಇದೆಯೇ? ಕಣ್ಣು ಬಿಟ್ಟು ನೋಡು."

ಲ್ಯಾಪ್‌ಟಾಪ್ ನೋಡಿತು. ಅಲ್ಲಿ ನೀರಿತ್ತು, ಒಂದು ಎಮ್ಮೆ ಹಾಯಾಗಿ ಈಜುತ್ತಿತ್ತು. ಏರಿಯ ಸುಳಿವೇ ಇರಲಿಲ್ಲ. ಅದು ಮೊದಲ ಚುಕ್ಕೆಯನ್ನು ಅಳಿಸಿ ಎರಡನೆಯದನ್ನು ಇಟ್ಟಿತು. ಚುಕ್ಕೆ ಸರಿಯಾಗಿ ಬಾಂದುಕಲ್ಲಮ್ಮನ ನೆತ್ತಿಯ ಮೇಲೆ, ಮಿಂಚುಳ್ಳಿಯ ಕಾಲ ಬಳಿ ಬಂದು ಕೂತಿತು.

ಕಲ್ಲು ಕೀಳಲೆಂದು ತಂದಿದ್ದ ಹಾರೆ ಜೀಪಿಗೆ ಹಿಂದಿರುಗಿತು. ಬಾಂದುಕಲ್ಲಮ್ಮನಿಗೆ ಬೆಳಗಿನ ಬಿಸಿಲು ಹಿತವೆನಿಸಿತು.

"ಸರಿ, ನಿಮ್ಮ ಜಾಗ ಇದೇ. ನಾನಿನ್ನು ಬರುತ್ತೇನೆ," ಎಂದು ಲ್ಯಾಪ್‌ಟಾಪ್ ಮುಚ್ಚಿಕೊಳ್ಳಲು ಹೊರಟಿತು.

"ನಿಲ್ಲು. ಸರಿದವಳು ಎಂದು ನನ್ನನ್ನು ಅಂದಿದ್ದೀಯ. ಕ್ಷಮೆ ಕೇಳಿ ಹೋಗು."