ಸಿಮ್ಮಿನ ಸೊಕ್ಕು

ಸೂಲಗಿತ್ತಿ ಹೊನ್ನೂರವ್ವನ ಫೋನು ಸಂತೆಯಲ್ಲಿ ಕಳುವಾಯಿತು. ಕಳ್ಳನ ಚೀಲದೊಳಗೆ ಫೋನು ಅಳತೊಡಗಿತು: "ಇನ್ನು ಅವ್ವನನ್ನು ಕಾಣುವುದು ಎಂದಿಗೋ!"

ಅದರೊಳಗಿದ್ದ ಸಿಮ್ಮು ನಕ್ಕಿತು. "ನಿನ್ನಂಥ ಫೋನುಗಳು ಅಂಗಡಿಯಲ್ಲಿ ರಾಶಿ ಬಿದ್ದಿವೆ, ನೀನು ಅಳು. ನಾನು ಅವಳ ನಂಬರು. ಮೂವತ್ತು ಹಳ್ಳಿಯ ಬಸುರಿಯರು ನನ್ನನ್ನು ಬಾಯಿಪಾಠ ಮಾಡಿದ್ದಾರೆ. ನಾನಿಲ್ಲದೆ ಅವಳನ್ನು ಕರೆಯುವವರು ಯಾರು? ಹುಡುಕಿಕೊಂಡು ಬಂದೇ ಬರುತ್ತಾಳೆ."

ಹೊನ್ನೂರವ್ವ ಬರಲಿಲ್ಲ. ಆಧಾರ್ ಕಾರ್ಡು ಹಿಡಿದು ಮೊಬೈಲ್ ಅಂಗಡಿಗೆ ಹೋದಳು. ಹಳೆಯ ಸಿಮ್ಮನ್ನು ಬಂದ್ ಮಾಡಿಸಿ, ಅದೇ ನಂಬರಿಗೆ ಹೊಸ ಸಿಮ್ಮು ಹಾಕಿಸಿಕೊಂಡಳು. ಮರುದಿನವೇ ಪಕ್ಕದ ಹಳ್ಳಿಯಿಂದ ಕರೆ ಬಂತು. ಓಡಿಹೋಗಿ ಅವಳಿ ಮಕ್ಕಳನ್ನು ಹೆರಿಸಿದಳು.

ಇತ್ತ ಚೀಲದಲ್ಲಿ ಸಿಮ್ಮು ಕಂಗಾಲಾಯಿತು. "ಸಿಗ್ನಲ್ಲೇ ಇಲ್ಲವಲ್ಲ! ಟವರ್ ಕೆಟ್ಟಿರಬೇಕು."

"ಟವರ್ ಚೆನ್ನಾಗಿದೆ," ಎಂದಿತು ಫೋನು. "ಈ ಸಿಮ್ಮು ಇನ್ನು ನಡೆಯದು ಎಂದು ನನ್ನ ಪರದೆಯ ಮೇಲೆ ಬಂದಿದೆ. ನಂಬರು ಅವ್ವನದು. ನೀನು ಅದನ್ನು ಹೊತ್ತಿದ್ದೆ, ಅಷ್ಟೆ."

ಅಷ್ಟರಲ್ಲಿ ಕಳ್ಳ ಸಿಮ್ಮನ್ನು ಕಿತ್ತು ಚರಂಡಿಗೆ ಎಸೆದ. ಅಲ್ಲಿದ್ದ ಕಪ್ಪೆಗೆ ಅದು ನಿಟ್ಟುಸಿರಿಟ್ಟು ಹೇಳಿತು: "ಪಾಪ, ನಾನಿಲ್ಲದೆ ಹೊನ್ನೂರವ್ವ ಏನು ಮಾಡುತ್ತಾಳೋ!"