ಭಾನುವಾರದ ಗುಟ್ಟು ಗುರುವಾರವೇ ಬಿಚ್ಚಿದ ಪತ್ರಿಕೆ

ರಿಮೋಟು ಇನ್ನೂ ಹುಟ್ಟದೇ ಇದ್ದ ಕಾಲದಲ್ಲಿ ಒಂದು ಮನೇಲಿ ಒಂದು ಟಿವಿ ಇತ್ತು. ಅದರ ತಲೆ ಮೇಲೆ ಕಸೂತಿ ಬಟ್ಟೆ, ಬಟ್ಟೆ ಮೇಲೆ ‘ಪುಟಾಣಿ ಪರದೆ’ ಅನ್ನೋ ಪತ್ರಿಕೆ. ಟಿವೀಲಿ ಮಕ್ಕಳ ಕಾರ್ಯಕ್ರಮ ಯಾವತ್ತು, ಎಷ್ಟು ಗಂಟೆಗೆ ಅಂತ ತಿಳಿಸೋಕೇ ಹುಟ್ಟಿದ ವಾರಪತ್ರಿಕೆ ಅದು. ಆದ್ರೆ ಅದಕ್ಕೊಂದು ಹೊಟ್ಟೆಉರಿ. ಮಕ್ಕಳು ಟಿವೀನ ಬಾಯಿ ಬಿಟ್ಕೊಂಡು ನೋಡೋರು, ತನ್ನನ್ನ ಮಾತ್ರ ಒಂದ್ಸಲ ತಿರುವಿ ಹಾಕಿ ಇಟ್ಟುಬಿಡೋರು.

ಅದಕ್ಕೇ ಒಂದು ಗುರುವಾರ ಅದು ಭಾನುವಾರದ ಧಾರಾವಾಹಿಯ ಗುಟ್ಟನ್ನೇ ಮೈಮೇಲೆ ಅಚ್ಚು ಹಾಕಿಸ್ಕೊಂಡು ಬಂತು: “ರಾಜನ ಕುದುರೆ ಬಾಲ ಕತ್ತರಿಸಿದ್ದು ಅಡುಗೆ ಭಟ್ಟ!”

“ಅಯ್ಯೋ, ಅದನ್ನ ನಾನು ಹೇಳ್ಬೇಕಿತ್ತು ಕಣಮ್ಮಾ!” ಅಂತು ಟಿವಿ.

“ನೀನು ಭಾನುವಾರದ ತನಕ ಕಾಯಿಸ್ತೀಯ, ನಾನು ಈಗ್ಲೇ ಹೇಳ್ದೆ. ಯಾರು ದೊಡ್ಡೋರು?”

ಮಕ್ಕಳು ಪತ್ರಿಕೆಗೆ ಮುಗಿಬಿದ್ರು. “ಕೊಡೇ ವಾರಿಜಾ, ನಾನಿನ್ನೂ ಓದಿಲ್ಲ!” ಅಂತ ಕಿತ್ತಾಡಿದ್ರು. ಪತ್ರಿಕೆ ಉಬ್ಬಿ ಪೂರಿ ಆಯ್ತು. ಆಮೇಲೆ ವಾರವಾರವೂ ಗುಟ್ಟು ಬಿಚ್ಚೋದೇ ಅದರ ಕೆಲಸ ಆಯ್ತು.

ಭಾನುವಾರ ಬಂದ್ರೆ ಟಿವಿ ಮುಂದಿನ ಚಾಪೆ ಖಾಲಿ. “ಗೊತ್ತಿರೋದನ್ನ ಏನ್ ನೋಡೋದು?” ಅಂತ ಮಕ್ಕಳು ಲಗೋರಿ ಆಡೋಕೆ ಹೋದ್ರು. ಮನೆಮನೇಲೂ ಇದೇ ಕತೆ. ನೋಡೋರೇ ಇಲ್ಲ ಅಂತ ಧಾರಾವಾಹಿ ನಿಂತೋಯ್ತು, ಅದರ ಹಿಂದೆ ಮಿಕ್ಕ ಕಾರ್ಯಕ್ರಮಗಳೂ ನಿಂತೋದ್ವು.

ಎಲ್ಲಾ ನಿಂತ ಮೇಲಿನ ಗುರುವಾರ ಪತ್ರಿಕೆ ಬಂದಾಗ ಒಳಗೆಲ್ಲ ಬರೀ ಬಿಳೀ ಹಾಳೆ. ಮೆತ್ತಗೆ ಬಗ್ಗಿ ಕೇಳ್ತು, “ಟಿವಿಯಣ್ಣಾ, ಈ ವಾರ ಏನೇನಿದೆ?”

“ನನ್ನ ಕೇಳ್ತೀಯಲ್ಲಮ್ಮಾ!” ಅಂತು ಟಿವಿ. “ನನಗಿಂತ ಮೊದ್ಲು ನಿನಗೇ ಅಲ್ವಾ ಗೊತ್ತಾಗೋದು?”